‘ವಾರ್ ಆರ್ಟಿಸ್ಟ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ವಿಚಾರಣೆ.

ವಿಲಿಯಂ ಸಿಂಪ್ಸನ್ (1823–1899) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಗ್ಲಾಸ್ಗೋದ ಬಡ ಮನೆಯ ಹುಡುಗ, ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ಲಿಥೋಗ್ರಫಿಯ) ಕಸುಬು ಕಲಿತು ಲಂಡನ್ ಸೇರಿದವನು. 1854ರ ನವೆಂಬರಿನಲ್ಲಿ ರಷ್ಯಾದ ವಿರುದ್ಧ ಬ್ರಿಟನ್ ಮತ್ತದರ ಮಿತ್ರರು ಹೂಡಿದ್ದ ಕ್ರಿಮಿಯಾ ಯುದ್ಧದ ಚಿತ್ರ ಬರೆಯಲು ಅಲ್ಲಿನ ಬಂದರು ಬಾಲಕ್ಲಾವಾಕ್ಕೆ ಹೋದ. ಮುಂದೆ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಗಾಗಿ ಅಬಿಸೀನಿಯಾ (ಇಂದಿನ ಇಥಿಯೋಪಿಯಾ), ಫ್ರಾನ್ಸ್, ಅಫ್ಘಾನಿಸ್ತಾನಗಳ ಯುದ್ಧಗಳಿಗೂ ಹೋದ. ಇವನ ಉದ್ಯೋಗಕ್ಕೆ ಇಂಗ್ಲಿಷಿನಲ್ಲಿ ‘ವಾರ್ ಆರ್ಟಿಸ್ಟ್’ ಎನ್ನುತ್ತಾರೆ.

ಕರಡಿನಲ್ಲಿ ‘ಸಮರ ಕಲಾವಿದ’ ಎಂದು ಬರೆದಿದ್ದೆ. ಓದಿದ ಗೆಳೆಯರು, ಈತ ಕಳರಿಪಯಟ್ಟು ಕಲಿತಿದ್ದನೇ ಎಂದು ಕೇಳಿದರು. ತಪ್ಪು ಅವರದಲ್ಲ, ಸಮರಕಲೆ ಎಂದರೆ ನಮಗೆ ಕತ್ತಿವರಸೆಯೇ. ‘ಯುದ್ಧಚಿತ್ರಕಾರ’ ಎಂದು ತಿದ್ದಿದೆ. ಈಗ ಯುದ್ಧಚಿತ್ರವೆಂದರೆ ಸಿನಿಮಾ! ‘ರಣಚಿತ್ರಗಾರ’ ಎಂದರೆ ನಾಟಕದ ಪರದೆ ಎದ್ದಂತಾಗುತ್ತದೆ.

ಪತ್ರಿಕೆ ಇಂಥವರನ್ನು ‘ಸ್ಪೆಷಲ್ ಆರ್ಟಿಸ್ಟ್’ ಎಂದು ಕರೆಯುತ್ತಿತ್ತು. ನಮ್ಮ ಪತ್ರಿಕೆಗಳ ‘ವಿಶೇಷ ಪ್ರತಿನಿಧಿಯಿಂದ’ ಎಂಬ ಸಾಲು ನೆನಪಾಯಿತು. ಆ ಜಾಡಿನಲ್ಲಿ ‘ಚಿತ್ರವರದಿಗಾರ’ ಎನ್ನಬಹುದೇ? ನನಗೆ ಇದು ಹಿಡಿಸಿದೆ, ಆದರೆ ಒಂದು ತೊಡಕಿದೆ. ವರದಿಗಾರ ಎಂದರೆ ಕಣ್ಣಾರೆ ಕಂಡವನು ಎಂಬ ಭಾವ ಬರುತ್ತದೆ. ಸಿಂಪ್ಸನ್ನನ ಹೆಸರಾಂತ ಚಿತ್ರ ಬ್ರಿಟಿಷ್ ಅಶ್ವದಳ ಲೈಟ್ ಬ್ರಿಗೇಡ್ ಬಾಲಕ್ಲಾವಾದಲ್ಲಿ ನಡೆಸಿದ ಕುದುರೆ ದಾಳಿಯದು. ಆ ದಾಳಿ ನಡೆದದ್ದು ಅಕ್ಟೋಬರ್ 25ರಂದು, ಇವನು ಅಲ್ಲಿಗೆ ಕಾಲಿಡುವ ಮೊದಲೇ. ಕಂಡವರನ್ನು ಕೇಳಿ ಬರೆದು, ದಾಳಿಯ ನಾಯಕ ಲಾರ್ಡ್ ಕಾರ್ಡಿಗನ್‌ಗೆ ತೋರಿಸಿದ. ಸಾಹೇಬರು ಎಲ್ಲವೂ ತಪ್ಪೆಂದರು. ತಿದ್ದಿ ತಂದರೂ ಒಪ್ಪಲಿಲ್ಲ. ಮೂರನೆಯ ಸಲ ಸೈನ್ಯದ ಮುಂದೆ ಕಾರ್ಡಿಗನ್ ಎದ್ದು ಕಾಣುವಂತೆ ಬರೆದು ಒಯ್ದಾಗ ಹೊಗಳಿಕೆಯ ಸುರಿಮಳೆ. ಇದನ್ನು ಸಿಂಪ್ಸನ್ನನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಇಂಥದನ್ನು ವರದಿ ಎನ್ನಲು ಕೈ ಬರುತ್ತಿಲ್ಲ.

ಲಿಥೋಗ್ರಫಿಗೆ ಮಾತ್ರ ಚಿಂತೆಯಿಲ್ಲ. ‘ಶಿಲಾಮುದ್ರಣ’ ಎಂದರೆ ಶಾಸನದ ನೆನಪಾಗುತ್ತದೆ. 1843ರ ‘ಮಂಗಳೂರ ಸಮಾಚಾರ’ ಅಚ್ಚಾದದ್ದೇ ಕಲ್ಲಚ್ಚಿನಲ್ಲಿ, ಹಾಗಾಗಿ ‘ಕಲ್ಲಚ್ಚು’ ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಪತ್ರಿಕೆಗೆ ಬಂದ ಸ್ಕೆಚ್ಚನ್ನು ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದವರು ಬೇರೆಯವರು. ದೊಡ್ಡ ಚಿತ್ರವಾದರೆ ಅಚ್ಚನ್ನು ತುಂಡುಗಳಾಗಿ ಬಿಚ್ಚಿ, ಹಲವರು ಒಂದೊಂದು ತುಂಡು ಕೊರೆದು, ಮತ್ತೆ ಬೋಲ್ಟು ಹಾಕಿ ಕೂಡಿಸುತ್ತಿದ್ದರು. ಈ ಕೆಲಸದವರನ್ನು ‘ಕೆತ್ತನೆಗಾರ’ ಎಂದರೆ ಶಿಲ್ಪಿಯಾಗಿಬಿಡುತ್ತಾರೆ. ‘ಅಚ್ಚುಕೊರೆಯುವವರು’ ಎಂದು ಬಿಡಿಸಿಯೇ ಬರೆದಿದ್ದೇನೆ. ಹಳೆಯ ಮುದ್ರಣಾಲಯಗಳಲ್ಲಿ ದುಡಿದವರು ಯಾರಾದರೂ ಇಲ್ಲಿದ್ದರೆ, ನಿಮ್ಮಲ್ಲಿ ಏನೆನ್ನುತ್ತಿದ್ದರು ತಿಳಿಸಿ.