ಅಪ್‌ಡೇಟ್: ಅಡಿಕೆ ಸುಲಿಯುವ ಯಂತ್ರದ ಪೇಟೆಂಟ್ ಅರ್ಜಿ ತಿದ್ದಿ ಕಳಿಸಿದೆ

ಬದಿಯಡ್ಕದಿಂದ ನಮಸ್ಕಾರ. ನನ್ನ ಅಡಿಕೆ ಸುಲಿಯುವ ಯಂತ್ರದ ಅರ್ಜಿಗೆ ‘ಕ್ಲೇಮ್‌ಗಳು (ಯಾವುದರ ಮೇಲೆ ಹಕ್ಕು ಬೇಕು ಎಂದು ಹೇಳುವ ವಾಕ್ಯಗಳು) ಸ್ಪಷ್ಟವಿಲ್ಲ’ ಎಂದು ಪೇಟೆಂಟ್ ಕಚೇರಿಯ ಪರೀಕ್ಷಾ ವರದಿ ಬಂದಿತ್ತು, ಹೇಗೆ ತಿದ್ದಲಿ ಎಂದು ಇಲ್ಲಿ ಕೇಳಿದ್ದೆ. ಒಂದೇ ಭಾಗಕ್ಕೆ ಎಲ್ಲ ಕಡೆ ಒಂದೇ ಹೆಸರಿರಬೇಕು ಎಂದು ನೀವು ಹೇಳಿದ್ದೇ ಸರಿ. ಕ್ಲೇಮ್ 1ರಲ್ಲಿ ‘ಎ ಕಟರ್’ ಎಂದು ಬರೆದು, 3ರಲ್ಲಿ ‘ದಿ ಬ್ಲೇಡ್’ ಅಂದಿದ್ದೆ. ಓದುವವರಿಗೆ ಅದು ಬೇರೆಯೇ ಭಾಗ ಅನ್ನಿಸುತ್ತದೆ, ಅಲ್ವಾ? ಪೆನ್ಸಿಲ್ ಹಿಡಿದು ಕೂತು ಎಲ್ಲ ಕಡೆ ‘ಕಟರ್’ ಮಾಡಿದೆ. ರೋಲರ್ ಪಕ್ಕದ ‘ಸಾಕಷ್ಟು ಕಡಿಮೆ ಅಂತರ’ ತೆಗೆದು, ವಿವರಣೆಯಲ್ಲಿ ಮೊದಲೇ ಇದ್ದ ಮಿಲಿಮೀಟರ್ ಲೆಕ್ಕ ಹಾಕಿದೆ. ಅರ್ಜಿ ಹಾಕಿದ ಮೇಲೆ ಯಂತ್ರಕ್ಕೆ ಜೋಡಿಸಿದ ಸ್ಪ್ರಿಂಗನ್ನೂ ಸೇರಿಸುವ ಆಸೆ ಜಾಸ್ತಿ ಇತ್ತು. ಬಿಟ್ಟೆ. ಪೇಟೆಂಟ್ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ಮೊದಲ ಅರ್ಜಿಯಲ್ಲಿ ಇಲ್ಲದ್ದನ್ನು ತಿದ್ದುಪಡಿಯಲ್ಲಿ ಸೇರಿಸುವಂತಿಲ್ಲ. 6 ತಿಂಗಳ ಗಡುವಿಗೆ 9 ದಿನ ಇರುವಾಗ ಉತ್ತರ ಕಳಿಸಿದೆ. ನಿಮಗೆಲ್ಲ ಮನಸಾರೆ ಧನ್ಯವಾದ.