ಪದಚರ್ಚೆ: ಕುಡಿದು ಗಾಡಿ ಓಡಿಸಿ ಎರಡನೇ ಸಲ ಸಿಕ್ಕಿಬಿದ್ದವನಿಗೆ ಏನನ್ನೋಣ?

ಬಳಗದವರಿಗೆಲ್ಲ ನಮಸ್ಕಾರ.

ಲಾರಿ, ಟ್ಯಾಕ್ಸಿ ಓಡಿಸುವವರಿಗೆ ಹಂಚಲು ಒಂದು ಸಣ್ಣ ಕೈಪಿಡಿ ಸಿದ್ಧವಾಗುತ್ತಿದೆ. ಅದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಬಗ್ಗೆ ಕರಡಿನಲ್ಲಿರುವ ಸಾಲು ಇದು: 'ಪಾನಮತ್ತ ಚಾಲನೆಯಲ್ಲಿ ತೊಡಗುವ ರೂಢಿಗತ ಅಪರಾಧಿಗಳಿಗೆ ಕಠಿಣ ದಂಡನೆ ವಿಧಿಸಲಾಗುವುದು.' ವ್ಯಾಕರಣದಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ 'ಪಾನಮತ್ತ', 'ರೂಢಿಗತ', 'ದಂಡನೆ' ಈ ಮೂರೂ ಪದಗಳು ಸೇರಿ ಚಾಲಕನಿಗೆ ಕಾನೂನನ್ನೇ ತಪ್ಪಾಗಿ ಹೇಳುತ್ತಿವೆ ಅನ್ನಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು 'ಪಾನಮತ್ತ'. ಮತ್ತ ಅಂದರೆ ಅಮಲೇರಿದವನು, ಮೈಮೇಲೆ ಎಚ್ಚರವಿಲ್ಲದವನು. 185ನೇ ಕಲಮಿಗೆ ಎರಡು ಭಾಗಗಳಿವೆ. ಮೊದಲನೆಯದು ಬರೀ ಲೆಕ್ಕ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮುಗಿಯಿತು, ಅಪರಾಧ. ಆತ ನೆಟ್ಟಗೆ ನಿಂತಿರಲಿ, ತಡವರಿಸದೆ ಮಾತಾಡಲಿ, ಗೆರೆ ಹೊಡೆದಂತೆ ಗಾಡಿ ಓಡಿಸಿರಲಿ, ಲೆಕ್ಕ ಬದಲಾಗುವುದಿಲ್ಲ. ಎರಡನೆಯದು ಮಾದಕವಸ್ತುಗಳ ಮಾತು. ಗಾಡಿಯನ್ನು ಹತೋಟಿಯಲ್ಲಿಡಲು ಆಗದಷ್ಟು ಅದರ ಪ್ರಭಾವ ಇರಬೇಕು ಎಂದು ಅಲ್ಲಿದೆ. ಅಂದರೆ 'ಮತ್ತ' ಸರಿಯಾಗಿ ಒಪ್ಪುವುದು ಎರಡನೇ ಭಾಗಕ್ಕೆ, ಅಲ್ಲಿ 'ಪಾನ'ವೇ ಇಲ್ಲ! ಕಲಮಿನ ಇಂಗ್ಲಿಷ್ ತಲೆಬರಹದಲ್ಲೇ ಅಮಲೇರಿದವನು ಎಂಬರ್ಥದ ಪದವಿದೆ, ನಮ್ಮವರು ಅದನ್ನೇ ಹಿಡಿದುಕೊಂಡಿರಬೇಕು. ತಲೆಬರಹ ಏನೇ ಇರಲಿ, 'ನಂಗೇನೂ ಏರಿಲ್ಲ ಸಾರ್' ಅನ್ನುವ ಚಾಲಕನಿಗೆ ಈ ಪದವೇ ನೆಪ ಒದಗಿಸುತ್ತದೆ. ಅವನ ಪ್ರಕಾರ ಅವನು ಕುಡಿದಿದ್ದಾನೆ, ಮತ್ತನಲ್ಲ.

'ಕುಡಿದು ಗಾಡಿ ಓಡಿಸುವುದು' ಎಂಬ ಬೀದಿಮಾತೇ ಇಲ್ಲಿ ಕಾನೂನಿಗೆ ಹೆಚ್ಚು ಹತ್ತಿರ. ಏರಿದೆಯೋ ಇಲ್ಲವೋ ಎಂಬ ಗೊಡವೆಗೆ ಅದು ಹೋಗುವುದಿಲ್ಲ. ಬೆಂಗಳೂರಿನಲ್ಲಿ ಪೊಲೀಸರೂ ಸಿಕ್ಕಿಬಿದ್ದವರೂ 'ಡಿಡಿ ಕೇಸು' (ಡ್ರಂಕ್ ಅಂಡ್ ಡ್ರೈವ್) ಅನ್ನುತ್ತಾರೆ, ಯಂತ್ರ 'ಆಲ್ಕೋಮೀಟರ್', ಕೆಲಸ 'ಊದಿಸೋದು'. ಕರಡಿನಲ್ಲಿ 'ಶ್ವಾಸ ವಿಶ್ಲೇಷಕ ಯಂತ್ರ' ಇತ್ತು, ಅದನ್ನು ಆಗಲೇ ಹೊಡೆದುಹಾಕಿದ್ದೇನೆ. ಉತ್ತರ ಕರ್ನಾಟಕದ ಚಾಲಕರೊಬ್ಬರಿಗೆ ಓದಿಸಿದಾಗ 'ಶೆರೆ ಕುಡದು ಗಾಡಿ ಹೊಡದ್ರ' ಅಂತಲೇ ಹಾಕಿ ಅಂದರು. 'ಸೆರೆ' ಅಂತ ಬರೆದರಂತೂ ಕುಡಿದದ್ದೂ ಅದೇ, ಆಮೇಲೆ ಸಿಗುವುದೂ ಅದೇ. ಕೈಪಿಡಿಗೆ ಆಗಿಬರದಿದ್ದರೂ ಪೋಸ್ಟರಿಗೆ ಚೆನ್ನಾಗಿರುತ್ತದೆ.

ಇದೇ ಕಲಮಿನ '30' ಬಗ್ಗೆಯೂ ಒಂದು ಮಾತು. ಬಾರಿನಲ್ಲಿ ಸ್ಮಾಲ್ ಪೆಗ್ ಅಂದರೆ 30 ಎಂಎಲ್. ಹೀಗಾಗಿ '30ರವರೆಗೆ ಬಿಡ್ತಾರಂತೆ' ಅಂದರೆ ಒಂದು ಸ್ಮಾಲ್‌ಗೆ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ ಎಂದು ತಿಳಿದವರು ಎಷ್ಟೋ ಜನ. ಒಂದು ಸ್ಮಾಲ್ ವಿಸ್ಕಿಯಲ್ಲೇ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಮಿಲಿಗ್ರಾಂ ಲೆಕ್ಕದಲ್ಲಿ ಹತ್ತು ಸಾವಿರ. ಅದರಲ್ಲಿ ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದು ಮೈತೂಕ, ಹೊಟ್ಟೆಯಲ್ಲಿದ್ದ ಊಟ, ಕುಡಿದು ಎಷ್ಟು ಹೊತ್ತಾಯಿತು ಎಂಬುದರ ಮೇಲಿದೆ. 650 ಎಂಎಲ್ ಸ್ಟ್ರಾಂಗ್ ಬಿಯರ್ ಬಾಟಲಿ ಒಂದನ್ನು ಖಾಲಿ ಮಾಡಿದವರು ಸಾಮಾನ್ಯವಾಗಿ ಮಿತಿ ದಾಟಿಯೇ ಇರುತ್ತಾರೆ. ಅದಕ್ಕೇ ಕೈಪಿಡಿಯಲ್ಲಿ ಬರೀ '30' ಅಂತ ಎಲ್ಲೂ ಬರೆಯದೆ, 'ಪೆಗ್ಗಿನ 30 ಬೇರೆ, ರಕ್ತದ 30 ಬೇರೆ' ಎಂದೇ ಹಾಕಿದ್ದೇನೆ. ಇದಕ್ಕಿಂತ ಚುಟುಕಾದ ಮಾತು ಹೊಳೆದರೆ ತಿಳಿಸಿ.

ಈಗ ನಿಜವಾದ ತಲೆನೋವು: 'ರೂಢಿಗತ ಅಪರಾಧಿ'. ಈ ಪದ ನನಗೆ ಎರಡು ಕಾರಣಕ್ಕೆ ಬೇಡ. ಮೊದಲನೆಯದಾಗಿ ಅದರ ಹಿಂದೆ ಕೆಟ್ಟ ಚರಿತ್ರೆ ಇದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರೆಂದು ಪಟ್ಟಿ ಮಾಡಿದರು. ಆ ಕಾಯಿದೆ 1952ರಲ್ಲಿ ರದ್ದಾದರೂ, ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ತಂದವು. ಅದೇ ಸಮುದಾಯಗಳವರನ್ನು ಠಾಣೆಗೆ ಕರೆಸುವುದು ಆಮೇಲೂ ತಪ್ಪಲಿಲ್ಲ. ಆ ಹಣೆಪಟ್ಟಿಯನ್ನು ಟ್ಯಾಕ್ಸಿ ಚಾಲಕನಿಗೆ ಯಾಕೆ ಅಂಟಿಸಬೇಕು? ಎರಡನೆಯದಾಗಿ, ರೂಢಿ ಅನ್ನುವುದು ಮನುಷ್ಯನ ಸ್ವಭಾವದ ಮಾತು. 185ನೇ ಕಲಮು ಸ್ವಭಾವ ನೋಡುವುದಿಲ್ಲ, ಎಷ್ಟನೇ ಸಲ ಎಂದು ಎಣಿಸುತ್ತದೆ. ದಿನಾ ಕುಡಿದು ಓಡಿಸಿ ಒಂದೇ ಸಲ ಸಿಕ್ಕವನು ಅದರ ಲೆಕ್ಕದಲ್ಲಿ ಮೊದಲ ಸಲದವನು. ವರ್ಷಗಟ್ಟಲೆ ಮುಟ್ಟದೆ, ಎರಡು ಮದುವೆಗಳಲ್ಲಿ ಕುಡಿದು ಎರಡು ಸಲವೂ ಸಿಕ್ಕವನು ಎರಡನೇ ಸಲದವನು.

ಮೊದಲ ಸಲಕ್ಕೆ ಆರು ತಿಂಗಳವರೆಗೆ ಕಾರಾವಾಸ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲ ಮತ್ತು ಆಮೇಲೆ ಪ್ರತಿ ಸಲ ಎರಡು ವರ್ಷದವರೆಗೆ ಕಾರಾವಾಸ, ಇಲ್ಲವೇ 15,000 ರೂಪಾಯಿ, ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ಈ ದಂಡಗಳ ಮಿತಿ 2,000 ಮತ್ತು 3,000 ಇತ್ತು. ಸರ್ಕಾರಿ ಅನುವಾದದವರು 'ಎರಡನೆಯ ಅಥವಾ ತರುವಾಯದ ಅಪರಾಧ' ಅನ್ನುತ್ತಾರೆ. ಸರಿಯೇ, ಆದರೆ 'ತರುವಾಯ' ಕೋರ್ಟಿನ ಕಾಗದಗಳ ಹೊರಗೆ ಯಾರ ಬಾಯಲ್ಲಿದೆ?

ಎಣಿಕೆ ಎಲ್ಲಿಂದ ಶುರು ಎಂಬಲ್ಲಿ ಚಾಲಕರು ಎಡವುತ್ತಾರೆ. ಸಿಕ್ಕಿಬಿದ್ದವನು ಕೋರ್ಟಿಗೆ ಹೋಗಿ ತಪ್ಪೊಪ್ಪಿ ಹತ್ತು ಸಾವಿರ ಕಟ್ಟಿ, ಗಾಡಿ ಬಿಡಿಸಿಕೊಂಡು ಬಂದು, 'ದಂಡ ಕಟ್ಟಿ ಬಂದೆ, ಕೇಸು ಮುಗೀತು' ಅನ್ನುತ್ತಾನೆ. ಹೆಲ್ಮೆಟ್ ಇಲ್ಲದ್ದಕ್ಕೂ ದಂಡ, ಸಿಗ್ನಲ್ ದಾಟಿದ್ದಕ್ಕೂ ದಂಡ, ಇದಕ್ಕೂ ದಂಡ. ಪದ ಒಂದೇ ಆದ್ದರಿಂದ ತೂಕವೂ ಒಂದೇ ಅನ್ನಿಸುತ್ತದೆ. ಆದರೆ ಸ್ಥಳದಲ್ಲೇ ಅಧಿಕಾರಿ ದಂಡ ಪಡೆದು ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ. 2019ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿದಾಗಲೂ ಇದು ಇಳಿಯದೆ ಉಳಿದದ್ದು ಅದಕ್ಕೇ. ಕೋರ್ಟಿನಲ್ಲಿ ತಪ್ಪೊಪ್ಪಿ ಕಟ್ಟಿದ ಹತ್ತು ಸಾವಿರ ಅಂದರೆ ಅಪರಾಧ ಸಾಬೀತಾಗಿದೆ, ಶಿಕ್ಷೆಯಾಗಿದೆ ಎಂದರ್ಥ. ಮುಂದಿನ ಸಲ ಸಿಕ್ಕರೆ ಹೆಚ್ಚಿನ ಶಿಕ್ಷೆ ಕೇಳಲು ಪ್ರಾಸಿಕ್ಯೂಷನ್ ತೋರಿಸಬೇಕಾದದ್ದು ಈ ಹಳೆಯ ಶಿಕ್ಷೆಯನ್ನೇ.

ಹಾಗಾಗಿ ನಾನು 'ದಂಡನೆ'ಯನ್ನು ಬಿಟ್ಟು 'ಶಿಕ್ಷೆ'ಯನ್ನು ಇಟ್ಟಿದ್ದೇನೆ. 'ದಂಡ ಕಟ್ಟಿದರೂ ಅದು ಶಿಕ್ಷೆಯೇ' ಎಂದು ಒಂದು ಸಾಲನ್ನೂ ಸೇರಿಸಿದ್ದೇನೆ. ಹಳೆಯ ಕಾಯಿದೆ ಅನುವಾದಗಳ 'ಜುಲ್ಮಾನೆ'ಯನ್ನು ಇಲ್ಲಿಗೆ ಮಾತ್ರ ತಂದರೆ ಬೀದಿಯ ದಂಡದಿಂದ ಬೇರೆ ಕಾಣುತ್ತದೆಯೇ ಎಂದೂ ಯೋಚಿಸಿದೆ. ಕೋಲಾರದ ಗೆಳೆಯರೊಬ್ಬರು 'ಜುಲ್ಮಾನೆ ಅಂದ್ರೆ ನಮ್ ತಾತನ ಕಾಲದ್ದು' ಎಂದು ನಕ್ಕರು. ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ?

ಲೈಸೆನ್ಸಿನ ವಿಷಯಕ್ಕೂ ಇದೇ ಗತಿ. ಪತ್ರಿಕೆಗಳಲ್ಲಿ ಎಲ್ಲವೂ 'ಡಿಎಲ್ ರದ್ದು'. ಅಮಾನತು ಆದದ್ದು ಅವಧಿ ಮುಗಿದ ಮೇಲೆ ವಾಪಸ್ ಬರುತ್ತದೆ, ರದ್ದಾದದ್ದು ಹೋದಂತೆಯೇ. 185ರಡಿ ಶಿಕ್ಷೆಯಾದರೆ 20ನೇ ಕಲಮಿನ ಪ್ರಕಾರ ಕೋರ್ಟು ಮಾಡಬೇಕಾದದ್ದು ಇವೆರಡೂ ಅಲ್ಲ, ಅನರ್ಹಗೊಳಿಸುವುದು. ಅದೂ ಆರು ತಿಂಗಳಿಗೆ ಕಡಿಮೆ ಇಲ್ಲದಂತೆ, ಮೊದಲ ಸಲಕ್ಕೇ. ಅನರ್ಹತೆ ತಟ್ಟುವುದು ಕಾರ್ಡಿಗಲ್ಲ, ಮನುಷ್ಯನಿಗೆ. ಆ ಅವಧಿಯಲ್ಲಿ ಇನ್ನೊಂದು ಆರ್‌ಟಿಒ ಕಚೇರಿಗೆ ಹೋಗಿ ಹೊಸದನ್ನು ಮಾಡಿಸಿಕೊಳ್ಳುವಂತಿಲ್ಲ. 'ಗಾಡಿ ಓಡಿಸುವ ಹಕ್ಕಿಗೆ ತಡೆ' ಎಂದು ಬರೆದಿದ್ದೇನೆ, ಪೂರ್ತಿ ಸಮಾಧಾನವಿಲ್ಲ.

ಅಂದಹಾಗೆ 188ನೇ ಕಲಮು ಪ್ರೇರೇಪಿಸಿದವನಿಗೂ ಇದೇ ಶಿಕ್ಷೆ ಅನ್ನುತ್ತದೆ. ಕರಡಿನಲ್ಲಿ 'ದುಷ್ಪ್ರೇರಣೆ' ಇತ್ತು. 'ಕುಮ್ಮಕ್ಕು' ಮಾಡಿದೆ. 'ಏನಾಗಲ್ಲ ಹೋಗೋ' ಎಂದು ಕುಡಿದವನ ಕೈಗೆ ಬೀಗದ ಕೈ ಕೊಡುವ ಮಾಲೀಕರಿಗೆ ಅದೇ ಅರ್ಥವಾಗುವುದು.

ಅಮೆರಿಕದಲ್ಲಿರುವ ಬಳಗದವರಿಗೆ ಒಂದು ಬೇರೆ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಹತ್ತು ವರ್ಷಗಳ ಡಿಯುಐ (ಕುಡಿದು ಗಾಡಿ ಓಡಿಸಿದ) ಶಿಕ್ಷೆಗಳನ್ನು ಎಣಿಸುತ್ತಾರೆ. ನಮ್ಮ 1988ರ ಕಾಯಿದೆಯೂ ಎರಡನೇ ಅಪರಾಧ ಮೂರು ವರ್ಷದೊಳಗೆ ನಡೆದಿರಬೇಕು ಎಂಬ ಷರತ್ತಿನೊಂದಿಗೇ ಬಂದಿತ್ತು. ಹೀಗೆ ಹಿಂದಕ್ಕೆ ನೋಡುವ ಅವಧಿಗೆ ನಿಮ್ಮ ಕನ್ನಡ ಮಾತಿನಲ್ಲಿ ಏನಾದರೂ ಪದ ಹುಟ್ಟಿದೆಯೇ? ಮತ್ತೆ ಮತ್ತೆ ಸಿಕ್ಕಿಬಿದ್ದವರ ಕಾರಿಗೆ, ಊದಿ ಪಾಸಾದರಷ್ಟೇ ಎಂಜಿನ್ ಚಾಲೂ ಆಗುವ ಸಾಧನ ಹಾಕುತ್ತಾರಲ್ಲ, ಅದನ್ನು ಮನೆಮಾತಿನಲ್ಲಿ ಏನನ್ನುತ್ತೀರಿ? ನನಗೆ ತೋಚಿದ್ದು 'ಉಸಿರುಬೀಗ'.

ಕೊನೆಗೆ ಶೀರ್ಷಿಕೆಯ ಪದ. 'ಪುನರಪರಾಧಿ' ಚಿಕ್ಕದು, ಅಚ್ಚುಕಟ್ಟು, ಆದರೆ ಬಾಯಿಬಿಟ್ಟು ಓದಿದರೆ ಅರ್ಧ ಜನ 'ಪುನಃ ಪರಾಧಿ' ಎಂದು ಒಡೆಯುತ್ತಾರೆ. 'ಮರುತಪ್ಪುಗಾರ' ಅಚ್ಚಗನ್ನಡವೇ, ಆದರೆ ಪರೀಕ್ಷೆಯಲ್ಲಿ ಕಾಗುಣಿತ ತಪ್ಪಿದವನ ಹಾಗೆ ಕೇಳಿಸುತ್ತದೆ. 'ಪದೇ ಪದೇ ಸಿಕ್ಕಿಬೀಳುವವರು' ಅಂದರೆ ಎರಡನೇ ಸಲದವನು ತನ್ನನ್ನು ಬಿಟ್ಟು ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಸದ್ಯಕ್ಕೆ ನಾಮಪದದ ಹಟ ಬಿಟ್ಟು, 'ಇದೇ ತಪ್ಪಿಗೆ ಒಮ್ಮೆ ಶಿಕ್ಷೆಯಾದವರು ಮತ್ತೆ ಸಿಕ್ಕಿಬಿದ್ದರೆ' ಎಂದು ಇಟ್ಟಿದ್ದೇನೆ. ಉದ್ದವಾಯಿತು, ನಿಜ. ಆದರೆ ಯಾರಿಗೆ, ಯಾವಾಗ, ಯಾವುದರಿಂದ ಎಣಿಕೆ ಎಂಬುದು ಅದರಲ್ಲೇ ಇದೆ. ಇದನ್ನು ಎರಡು ಪದಕ್ಕೆ ಇಳಿಸಬಲ್ಲವರು ಇಳಿಸಿಕೊಡಿ. ನಿಮ್ಮೂರಿನ ಸ್ಟ್ಯಾಂಡಿನಲ್ಲಿ, ಠಾಣೆಯಲ್ಲಿ, ಕೋರ್ಟಿನ ಅಂಗಳದಲ್ಲಿ ಕೇಳಿದ ಮಾತಾದರೆ ಇನ್ನೂ ಒಳ್ಳೆಯದು. ಪುಟ ಅಚ್ಚಿಗೆ ಹೋಗಲು ಇನ್ನೂ ಸ್ವಲ್ಪ ಸಮಯವಿದೆ.