‘ಎಕ್ಯುಮೆನಿಕಲ್’ ಎಂಬುದಕ್ಕೆ ಕನ್ನಡ: ಐಕ್ಯವೋ, ಅನ್ಯೋನ್ಯತೆಯೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥನಾ ಸಪ್ತಾಹವನ್ನು ಆಚರಿಸುವುದು ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ. ಈ ಸಲ ಬೆಂಗಳೂರಿನ ನಮ್ಮ ಬಡಾವಣೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್, ಮಾರ್ ತೋಮ ಮತ್ತು ಕಥೋಲಿಕ ಚರ್ಚುಗಳು ಕೂಡಿ ಒಂದು ಸಂಜೆಯ ಕಾರ್ಯಕ್ರಮವನ್ನು ಇಟ್ಟುಕೊಂಡಿವೆ. ಅದರ ಆಮಂತ್ರಣ ಪತ್ರಿಕೆಯ ಕನ್ನಡವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷ್ ಕರಡಿನಲ್ಲಿ ‘ಎಕ್ಯುಮೆನಿಕಲ್’ (ಬೇರೆ ಬೇರೆ ಚರ್ಚುಗಳು ಕೂಡಿ ನಡೆಸುವ) ಎಂಬ ಮಾತು ಮೂರು ಕಡೆ ಇದೆ. ಕನ್ನಡ ಕರಡನ್ನು ಮಾಡಿದವರು ಅದನ್ನು ಒಂದು ಕಡೆ ‘ಸರ್ವಧರ್ಮ’ ಎಂದು, ಇನ್ನೊಂದು ಕಡೆ ‘ಐಕ್ಯತಾ’ ಎಂದು ಬರೆದು, ಮೂರನೆಯ ಕಡೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಗೆ ಇಳಿಸಿದ್ದಾರೆ. ಶುಭಾಶಯ ಕೋರುವ ಸಾಲಿನಲ್ಲಿ ನಾಗಪುರದಲ್ಲಿ ಕೇಂದ್ರವಿರುವ ‘ನ್ಯಾಷನಲ್ ಕೌನ್ಸಿಲ್ ಆಫ್ ಚರ್ಚಸ್ ಇನ್ ಇಂಡಿಯಾ’ ಎಂಬ ಸಂಸ್ಥೆಯ ಹೆಸರು ‘ರಾಷ್ಟ್ರೀಯ ಕ್ರೈಸ್ತ ಸಭೆ’ ಎಂದಾಗಿದೆ. ಒಂದೇ ಹಾಳೆಯಲ್ಲಿ ಒಂದು ಪದಕ್ಕೆ ಮೂರು ರೂಪಗಳು ಬಂದಿರುವುದೂ, ಒಂದು ಸಂಸ್ಥೆ ತಾನಲ್ಲದ್ದಾಗಿ ತೋರುತ್ತಿರುವುದೂ ನನ್ನನ್ನು ಕೆಲವು ದಿನಗಳಿಂದ ಕಾಡುತ್ತಿರುವುದರಿಂದ ಈ ಪದಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

‘ಸರ್ವಧರ್ಮ’ ಎಂಬುದನ್ನು ಕೂಡಲೇ ಕೈಬಿಡಬೇಕೆಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಸರ್ವಧರ್ಮ ಪ್ರಾರ್ಥನೆಯೆಂದರೆ ಗೀತೆ, ಕುರಾನ್, ಬೈಬಲ್ ಮೂರನ್ನೂ ಓದುವ ಸಭೆ ಎಂದು ಕನ್ನಡಿಗರು ಗ್ರಹಿಸುತ್ತಾರೆ. ಆ ಗ್ರಹಿಕೆ ಸರಿಯಾಗಿಯೇ ಇದೆ. ಇಲ್ಲಿ ಕೂಡುತ್ತಿರುವುದು ಬೇರೆ ಬೇರೆ ಧರ್ಮಗಳಲ್ಲ, ಒಂದೇ ಧರ್ಮದೊಳಗಿನ ಬೇರೆ ಬೇರೆ ಸಭೆಗಳು, ಅಂದರೆ ಚರ್ಚುಗಳು. ಪತ್ರಿಕೆಗಳಲ್ಲಿ ಈ ಎರಡರ ಗೆರೆ ಆಗಾಗ ಅಳಿಸಿಹೋಗುವುದನ್ನು ಕಂಡಿದ್ದೇನೆ.

ಮೂಲಪದದ ಕಥೆ ಸ್ವಾರಸ್ಯವಾಗಿದೆ. ಗ್ರೀಕಿನಲ್ಲಿ ‘ಓಯ್ಕೊಸ್’ ಎಂದರೆ ಮನೆ. ಅದರಿಂದ ಹುಟ್ಟಿದ ‘ಓಯ್ಕುಮೆನೆ’ ಎಂದರೆ ಜನವಸತಿಯುಳ್ಳ ಭೂಮಿ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಆರಂಭದಲ್ಲಿ, ಚಕ್ರವರ್ತಿ ಔಗುಸ್ತನು ಜನಗಣತಿಗೆ ಆಜ್ಞೆ ಹೊರಡಿಸಿದ ಪ್ರಸಂಗದಲ್ಲಿ, ಇದೇ ಪದವಿದೆ. ಅಲ್ಲಿ ಅದರ ವ್ಯಾಪ್ತಿ ರೋಮ್ ಚಕ್ರಾಧಿಪತ್ಯದಷ್ಟು. ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಸುವಾರ್ತೆಯು ಲೋಕಕ್ಕೆಲ್ಲ ಸಾರಲ್ಪಡುವುದೆಂದು ಹೇಳುವಲ್ಲಿಯೂ ಅದೇ ಪದ ಬಂದು ಇಡೀ ಲೋಕವನ್ನು ಸೂಚಿಸುತ್ತದೆ. 325ರಲ್ಲಿ ನಿಕಾಯ ಪಟ್ಟಣದಲ್ಲಿ ಸೇರಿದ ಬಿಷಪರ ಸಭೆಯನ್ನು ಎಕ್ಯುಮೆನಿಕಲ್ ಎಂದು ಕರೆದುದೂ ಈ ವ್ಯಾಪ್ತಿಯ ಅರ್ಥದಿಂದಲೇ. ಸಭೆಗಳ ನಡುವಣ ಸಹಕಾರ ಎಂಬ ಇಂದಿನ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮನೆ ಮಾಡಿಕೊಂಡು ನೆಲೆ ನಿಲ್ಲುವುದಕ್ಕೆ ನಮ್ಮಲ್ಲಿ ‘ಒಕ್ಕಲಾಗು’ ಎನ್ನುತ್ತೇವಲ್ಲ. ‘ಓಯ್ಕುಮೆನೆ’ಯನ್ನು ಅಕ್ಷರಶಃ ಹೇಳುವುದಾದರೆ ‘ಒಕ್ಕಲಾದ ನೆಲ’ ಎನ್ನಬಹುದು. ಗ್ರೀಕಿನ ‘ಓಯ್ಕ್’ಗೂ ಕನ್ನಡದ ‘ಒಕ್ಕ’ಲಿಗೂ ಕೇಳುವ ಧ್ವನಿಸಾಮ್ಯ ಆಕಸ್ಮಿಕ, ಅದರ ಮೇಲೆ ನಂಟು ಕಟ್ಟಬಾರದು. ಆದರೂ ಅರ್ಥ ಇಷ್ಟು ಹತ್ತಿರ ಬಂದಿರುವುದು ನನಗೆ ಸಂತೋಷ ಕೊಟ್ಟಿತು.

ವ್ಯಾಪ್ತಿಯ ಅರ್ಥವನ್ನೇ ಹಿಡಿದು ‘ಸಾರ್ವತ್ರಿಕ’ ಎನ್ನೋಣವೆಂದರೆ ಆ ಪದಕ್ಕೆ ಬೇರೆ ಕೆಲಸ ಇದೆ. ಪ್ರಾಟೆಸ್ಟಂಟರು ವಿಶ್ವಾಸಪ್ರಮಾಣವನ್ನು (ನಂಬಿಕೆಯ ಸಾರವನ್ನು ಒಪ್ಪಿ ನುಡಿಯುವ ಪಾಠವನ್ನು) ಹೇಳುವಾಗ, ಕಥೋಲಿಕರು ‘ಕಥೋಲಿಕ ಧರ್ಮಸಭೆ’ ಎನ್ನುವ ಜಾಗದಲ್ಲಿ ‘ಸಾರ್ವತ್ರಿಕ ಸಭೆ’ ಎನ್ನುತ್ತಾರೆ. ಹೀಗೆ ಒಂದು ಪಾರಿಭಾಷಿಕ ಸ್ಥಾನದಲ್ಲಿ ಕುಳಿತ ಪದವನ್ನು ಎಬ್ಬಿಸಿ ಇನ್ನೊಂದರಲ್ಲಿ ಕೂರಿಸಿದರೆ ಎರಡೂ ಅರ್ಥಗಳು ಮಸುಕಾಗುತ್ತವೆ. ‘ಸರ್ವಪಂಗಡ’ ಎಂಬ ಸಲಹೆಯೂ ಬಂದಿತ್ತು. ‘ಪಂಗಡ’ ಎಂದೊಡನೆ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ನೆನಪು ಬರುವುದರಿಂದ ಅದೂ ಒಗ್ಗುವುದಿಲ್ಲ.

ಉಳಿದದ್ದು ‘ಐಕ್ಯ’. ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ‘ಏಕ’ದಿಂದ ಬಂದ ಭಾವನಾಮವೇ ‘ಐಕ್ಯ’ವಾಗಿರುವಾಗ ಅದಕ್ಕೆ ಮತ್ತೆ ‘ತೆ’ ಹಚ್ಚಿ ‘ಐಕ್ಯತೆ’ ಎನ್ನುವುದು ವ್ಯಾಕರಣದ ದೃಷ್ಟಿಯಿಂದ ಹೆಚ್ಚುವರಿ; ಬಳಕೆಯಲ್ಲಿ ಬೇರೂರಿಬಿಟ್ಟಿರುವ ಆ ರೂಪದೊಂದಿಗೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಜಗಳವಿರುವುದು ಅರ್ಥದೊಂದಿಗೆ. ಕನ್ನಡದ ಕಿವಿಗೆ ‘ಐಕ್ಯ’ ಎಂದರೆ ಬರಿಯ ಒಗ್ಗಟ್ಟಲ್ಲ. ಶರಣರ ಷಟ್‌ಸ್ಥಲ ಸಾಧನೆಯಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳನ್ನು, ಅಂದರೆ ಮೆಟ್ಟಿಲುಗಳನ್ನು, ದಾಟಿದ ಮೇಲೆ ಬರುವ ಆರನೆಯ ಸ್ಥಲ ಐಕ್ಯ. ಅಲ್ಲಿ ಅಂಗ ಬೇರೆ, ಲಿಂಗ ಬೇರೆ ಎಂಬ ಭೇದ ಉಳಿಯುವುದಿಲ್ಲ. ಹಿರಿಯರೊಬ್ಬರು ‘ಲಿಂಗೈಕ್ಯರಾದರು’ ಎಂದು ಊರಿನಲ್ಲಿ ಸುದ್ದಿ ಬಂದರೆ ಯಾರೂ ಅದನ್ನು ಸಹಕಾರ ಎಂದು ತಿಳಿಯುವುದಿಲ್ಲ. ಕೂಡಲಸಂಗಮದ ಐಕ್ಯಮಂಟಪದ ಹೆಸರು ಹೇಳುವುದೂ ಅದನ್ನೇ. ಬೇರೆಯಾಗಿದ್ದದ್ದು ಬೇರೆಯಾಗಿ ಉಳಿಯದಂತೆ ಕೂಡಿಹೋಗುವುದು ಎಂಬ ಈ ಅರ್ಥ ವಚನಕಾರರ ಕಾಲದಿಂದ ನಮ್ಮ ಭಾಷೆಯಲ್ಲಿ ಇಳಿದುಬಂದಿದೆ.

ಸತ್ಯವೇದದ (ಬೈಬಲಿನ) ಕನ್ನಡದಲ್ಲಿಯೂ ‘ಐಕ್ಯ’ವಿದೆ, ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪವಿತ್ರಾತ್ಮನಿಂದ ಬರುವ ಐಕ್ಯವನ್ನು ಕಾಪಾಡಿಕೊಳ್ಳಲು ಹೇಳಿದೆ. ಅಲ್ಲಿ ಆ ಪದ ಸರಿಯಾದ ಜಾಗದಲ್ಲಿದೆ, ಏಕೆಂದರೆ ಮಾತು ಒಂದೇ ದೇಹದ ಅಂಗಗಳನ್ನು ಕುರಿತದ್ದು. ಆಡಳಿತದ ಮಟ್ಟದಲ್ಲಿಯೂ ಅದು ಒಪ್ಪುವ ಒಂದು ಘಟನೆ ನಮ್ಮ ದಕ್ಷಿಣದಲ್ಲೇ ನಡೆದಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಹಾಗೂ ಪ್ರೆಸ್ಬಿಟೇರಿಯನ್–ಕಾಂಗ್ರಿಗೇಷನಲ್ ಪರಂಪರೆಗಳ ಸಭೆಗಳು ತಮ್ಮ ತಮ್ಮ ಪ್ರತ್ಯೇಕ ಆಡಳಿತಗಳನ್ನು ಬಿಟ್ಟುಕೊಟ್ಟು ದಕ್ಷಿಣ ಭಾರತ ಸಭೆಯೆಂಬ ಒಂದೇ ಸಭೆಯಾದವು. ಬೆಂಗಳೂರಿನವರಿಗೆ ಇದನ್ನು ನಡೆದೇ ತೋರಿಸಬಹುದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಲಂಡನ್ ಮಿಷನ್ನಿನದು, ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚು ವೆಸ್ಲಿಯನ್ ಮೆಥೊಡಿಸ್ಟರದು, ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. ಒಂದು ಬೆಳಗ್ಗೆ ನಡೆದು ಮುಗಿಸಬಹುದಾದ ಈ ಹಾದಿಯ ಮೂರೂ ಚರ್ಚುಗಳು ಇಂದು ಒಂದೇ ಸಭೆಯವು. ಇದನ್ನು ‘ಐಕ್ಯ’ ಎನ್ನಲು ನನ್ನ ಅಡ್ಡಿಯಿಲ್ಲ. 1956ರ ಕರ್ನಾಟಕದ ನೆನಪಿನಿಂದ ‘ಏಕೀಕರಣ’ ಎಂದರೂ ಸಲ್ಲುತ್ತದೆ.

ಆದರೆ ಅಲ್ಲಿಂದ ರಿಚ್‌ಮಂಡ್ ಟೌನಿಗೆ ಬಂದರೆ ಅಲ್ಲಿನ ಮೆಥೊಡಿಸ್ಟ್ ಚರ್ಚು ಅಮೆರಿಕದ ಮಿಷನ್ನಿನ ಪರಂಪರೆಯದು. ಆ ಮೆಥೊಡಿಸ್ಟರು 1947ರ ಐಕ್ಯದಲ್ಲಿ ಸೇರಲಿಲ್ಲ. ಅವರ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಇಂದಿಗೂ ಪ್ರತ್ಯೇಕ ಸಭೆ, ತನ್ನ ಬಿಷಪರು ತನಗೆ, ತನ್ನ ನಿಯಮಾವಳಿ ತನಗೆ. ಹಾಗಿದ್ದೂ ಅದು ಮತ್ತು ದಕ್ಷಿಣ ಭಾರತ ಸಭೆ ಎರಡೂ ನಾಗಪುರದ ರಾಷ್ಟ್ರೀಯ ಪರಿಷತ್ತಿನ ಸದಸ್ಯರು. ಮಾರ್ ತೋಮ, ಆರ್ಥಡಾಕ್ಸ್, ಲೂಥರನ್ ಸಭೆಗಳೂ ಅಲ್ಲಿವೆ. ಹಡ್ಸನ್ ಚರ್ಚಿನ ಮೆಥೊಡಿಸ್ಟರು ಮಾಡಿದ್ದಕ್ಕೂ ರಿಚ್‌ಮಂಡ್ ಟೌನಿನ ಮೆಥೊಡಿಸ್ಟರು ಮಾಡುತ್ತಿರುವುದಕ್ಕೂ ನಾವು ‘ಐಕ್ಯ’ ಎಂಬ ಒಂದೇ ಪದವನ್ನು ಬಳಸಿದರೆ, ಮೊದಲಿನವರ ತ್ಯಾಗವೂ ಕಾಣುವುದಿಲ್ಲ, ಎರಡನೆಯವರ ಸ್ನೇಹವೂ ಕಾಣುವುದಿಲ್ಲ. ಪರಿಷತ್ತಿಗೆ ಸೇರುವುದೆಂದರೆ ಕರಗಿಹೋಗುವುದು ಎಂದು ಸಣ್ಣ ಸಭೆಗಳ ಹಿರಿಯರು ಹಿಂಜರಿಯುವುದನ್ನು ನಾನು ಕೇಳಿದ್ದೇನೆ. ಆ ಅಂಜಿಕೆಯಲ್ಲಿ ನಮ್ಮ ಪದದ ಪಾಲೂ ಇದೆಯೆಂದು ನನಗೆ ಅನ್ನಿಸುತ್ತದೆ. 1948ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸ್ಥಾಪನೆಯಾದ ಸಭೆಗಳ ವಿಶ್ವ ಪರಿಷತ್ತಿಗೂ ಇದೇ ಅಂಜಿಕೆಯನ್ನು ಎದುರಿಸಬೇಕಾಗಿ ಬಂತು. 1950ರ ಟೊರಾಂಟೊ ಹೇಳಿಕೆಯಲ್ಲಿ ಅದು ತಾನು ಎಲ್ಲ ಸಭೆಗಳ ಮೇಲಿನ ಒಂದು ಮಹಾಸಭೆಯಲ್ಲ, ಹಾಗಾಗಲೂ ಕೂಡದು ಎಂದು ಸ್ಪಷ್ಟಪಡಿಸಿತು.

ಈಗ ಪರಿಷತ್ತಿನ ಹೆಸರಿಗೆ ಬರುತ್ತೇನೆ. ಅದು ಎರಡು ಸಲ ಬದಲಾಗಿದೆಯೆಂಬುದನ್ನು ಭಾಷೆಯ ಆಸಕ್ತರು ಗಮನಿಸಬೇಕು. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದ ಪ್ರೇರಣೆಯಿಂದ 1914ರಲ್ಲಿ ಹುಟ್ಟಿದಾಗ ಅದು ‘ನ್ಯಾಷನಲ್ ಮಿಷನರಿ ಕೌನ್ಸಿಲ್’. ಕೂಡುತ್ತಿದ್ದವರು ಮುಖ್ಯವಾಗಿ ಮಿಷನ್ನುಗಳು. 1923ರಲ್ಲಿ ‘ಮಿಷನರಿ’ ಹೋಗಿ ‘ಕ್ರಿಶ್ಚಿಯನ್’ ಬಂತು, ಭಾರತ, ಬರ್ಮಾ, ಸಿಲೋನ್ ಮೂರೂ ಅದರಲ್ಲಿದ್ದವು. 1979ರಲ್ಲಿ ‘ಕ್ರಿಶ್ಚಿಯನ್’ ಹೋಗಿ ‘ಚರ್ಚಸ್’ ಬಂತು. ಮೊದಲು ಹೊರಗಿನಿಂದ ಬಂದ ಮಿಷನ್ನುಗಳು, ಆಮೇಲೆ ಕ್ರೈಸ್ತರು, ಕೊನೆಗೆ ಈ ನೆಲದ ಸಭೆಗಳು: ಒಂದೊಂದು ಪದ ಬದಲಾದಾಗಲೂ ‘ಇದು ಯಾರ ಪರಿಷತ್ತು?’ ಎಂಬ ಪ್ರಶ್ನೆಯ ಉತ್ತರ ಬದಲಾಗಿದೆ. ನಮ್ಮ ಕರಡಿನ ‘ರಾಷ್ಟ್ರೀಯ ಕ್ರೈಸ್ತ ಸಭೆ’ ಆ ಸಂಸ್ಥೆಯನ್ನು ಹಳೆಯ ಹೆಸರಿಗೆ ಹಿಂದೆ ಕಳಿಸುತ್ತದೆ. ಅಷ್ಟು ಮಾತ್ರವಲ್ಲ, ಸಭೆಗಳು ಕೂಡಿ ನಡೆಸುವ ಪರಿಷತ್ತನ್ನೇ ಒಂದು ಸಭೆಯನ್ನಾಗಿ ಮಾಡಿಬಿಡುತ್ತದೆ. ಟೊರಾಂಟೊದಲ್ಲಿ ವಿಶ್ವ ಪರಿಷತ್ತು ತಾನಲ್ಲವೆಂದು ಹೇಳಿದ್ದು ಅದನ್ನೇ.

ಈ ಗೊಂದಲಕ್ಕೆ ‘ಸಭೆ’ ಎಂಬ ಪದದ ಇಬ್ಬಗೆಯೂ ಕಾರಣ. ಪ್ರಾಟೆಸ್ಟಂಟ್ ಕನ್ನಡದಲ್ಲಿ ಸಭೆಯೆಂದರೆ ಚರ್ಚು, ಸಭಾಪಾಲಕರೆಂದರೆ ಅದರ ಪಾದ್ರಿ. ಹೊರಗಿನ ಓದುಗರಿಗೆ ಸಭೆಯೆಂದರೆ ಮೀಟಿಂಗು. ಕಥೋಲಿಕರು ‘ಧರ್ಮಸಭೆ’, ‘ಧರ್ಮಪ್ರಾಂತ್ಯ’, ‘ಧರ್ಮಾಧ್ಯಕ್ಷರು’ ಎಂದು ‘ಧರ್ಮ’ವನ್ನು ಮುಂದಿಟ್ಟು ಈ ತೊಡಕನ್ನು ಚೆನ್ನಾಗಿ ಬಿಡಿಸಿಕೊಂಡಿದ್ದಾರೆ. ಹಾಗೆಂದು ಪರಿಷತ್ತಿನ ಹೆಸರಿನಲ್ಲಿ ‘ಧರ್ಮಸಭೆ’ಯನ್ನು ಬಳಸುವಂತಿಲ್ಲ, ಕಥೋಲಿಕ ಧರ್ಮಸಭೆ ಆ ಪರಿಷತ್ತಿನ ಸದಸ್ಯನಲ್ಲ, ಪದ ನೋಡಿದವರು ಸದಸ್ಯನೆಂದೇ ಭಾವಿಸುತ್ತಾರೆ. ವಿಶೇಷಣದ ಜಾಗವೂ ಮುಖ್ಯ: ‘ರಾಷ್ಟ್ರೀಯ ಸಭೆಗಳ ಪರಿಷತ್ತು’ ಎಂದರೆ ಸಭೆಗಳು ರಾಷ್ಟ್ರೀಯವಾಗುತ್ತವೆ, ‘ಭಾರತದ ಸಭೆಗಳ ರಾಷ್ಟ್ರೀಯ ಪರಿಷತ್ತು’ ಎಂದರೆ ಪರಿಷತ್ತು ರಾಷ್ಟ್ರೀಯವಾಗುತ್ತದೆ. ಎರಡನೆಯದೇ ಸರಿ. ‘ಪರಿಷತ್ತಿ’ನ ಬದಲು ‘ಒಕ್ಕೂಟ’ ಎನ್ನಬೇಕೆಂಬ ಆಸೆಯೂ ನನಗಿದೆ. ಬೆಂಗಳೂರು ಹಾಲು ಒಕ್ಕೂಟದಲ್ಲಿ ಹಳ್ಳಿಹಳ್ಳಿಯ ಸಂಘ ತನ್ನ ಲೆಕ್ಕ, ತನ್ನ ಅಧ್ಯಕ್ಷ, ತನ್ನ ಸದಸ್ಯರನ್ನು ಇಟ್ಟುಕೊಂಡೇ ಒಂದಾಗಿ ಕೆಲಸ ಮಾಡುತ್ತದೆ. ಸಭೆಗಳ ಪರಿಷತ್ತಿನ ರೀತಿಯೂ ಬಹುಮಟ್ಟಿಗೆ ಹಾಗೆಯೇ. ಆದರೆ ಪರಿಷತ್ತು ಎಂಬುದರಲ್ಲಿ ಕುಳಿತು ಸಮಾಲೋಚಿಸುವ ಅರ್ಥ ಇದೆ, ಒಕ್ಕೂಟದಲ್ಲಿ ಅದು ಅಷ್ಟಾಗಿ ಇಲ್ಲ. ನಿರ್ಣಯ ನಿಮಗೆ ಬಿಟ್ಟದ್ದು.

ಇನ್ನು ‘ಎಕ್ಯುಮೆನಿಕಲ್’ ಎಂಬುದಕ್ಕೇ ನಾನು ಮುಂದಿಡುತ್ತಿರುವ ಪದ ‘ಅನ್ಯೋನ್ಯತೆ’. ಇದು ಹೊಸದಾಗಿ ಟಂಕಿಸಿದ್ದಲ್ಲ. ಯೋಹಾನನ ಮೊದಲನೆಯ ಪತ್ರದ ಆರಂಭದಲ್ಲಿ ಗ್ರೀಕಿನ ‘ಕೊಯ್ನೊನಿಯ’ಕ್ಕೆ ಸತ್ಯವೇದದ ಭಾಷಾಂತರಕಾರರು ಆರಿಸಿಕೊಂಡ ಪದವೇ ಇದು; ಚರ್ಚಿಗೆ ಹೋಗುವ ಕನ್ನಡಿಗರು ಇದನ್ನು ಕೇಳಿಯೇ ಬೆಳೆದಿರುತ್ತಾರೆ. ಸಭೆಗಳ ವಿಶ್ವ ಪರಿಷತ್ತೂ ತನ್ನನ್ನು ವಿವರಿಸಿಕೊಳ್ಳುವಾಗ ಸಭೆಗಳ ಕೊಯ್ನೊನಿಯ ಎಂಬರ್ಥದ ಮಾತನ್ನೇ ಬಳಸಿಕೊಂಡಿದೆ. ಚರ್ಚಿನ ಹೊರಗೂ ಇದು ಅಪರಿಚಿತವಲ್ಲ: ಗಂಡಹೆಂಡಿರು ಅನ್ಯೋನ್ಯವಾಗಿದ್ದಾರೆ ಎನ್ನುತ್ತೇವೆ, ಅಕ್ಕಪಕ್ಕದ ಮನೆಯವರು ಅನ್ಯೋನ್ಯವಾಗಿದ್ದಾರೆ ಎನ್ನುತ್ತೇವೆ. ‘ಅನ್ಯ’ ಎಂಬುದು ಪದದೊಳಗೇ ಎರಡು ಸಲ ಕುಳಿತಿದೆ; ಇಬ್ಬರು ಇಬ್ಬರಾಗಿ ಉಳಿದರೆ ಮಾತ್ರ ಅನ್ಯೋನ್ಯ. 1978ರಲ್ಲಿ ದಕ್ಷಿಣ ಭಾರತ ಸಭೆ, ಉತ್ತರ ಭಾರತ ಸಭೆ, ಮಾರ್ ತೋಮ ಸಭೆಗಳು ಒಂದು ಜಂಟಿ ಪರಿಷತ್ತನ್ನು ಮಾಡಿಕೊಂಡು, ವಿಲೀನವಾಗದೆಯೇ ಹತ್ತಿರವಾದ ರೀತಿಗೆ ಇದಕ್ಕಿಂತ ಹೊಂದುವ ಪದ ನನಗೆ ತೋಚುತ್ತಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪವನ್ನು ಬಲ್ಲೆ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ಪ್ರಾರ್ಥಿಸಿದ್ದು ಎಲ್ಲರೂ ಒಂದಾಗಿರಲೆಂದು. ದಕ್ಷಿಣ ಭಾರತ ಸಭೆಯ ಧ್ಯೇಯವಾಕ್ಯವೂ ಅದೇ. ಅನ್ಯೋನ್ಯತೆಗೆ ನಿಂತುಬಿಟ್ಟರೆ ಆ ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟಂತಾಗುವುದಿಲ್ಲವೇ ಎಂದು ನಮ್ಮ ಸಭಾಪಾಲಕರೇ ನನ್ನನ್ನು ಕೇಳಿದರು. ಅವರ ಮಾತಿಗೆ ತೂಕವಿದೆ. ಆದ್ದರಿಂದಲೇ ಸಪ್ತಾಹದ ಹೆಸರಿನಲ್ಲಿ ‘ಐಕ್ಯ’ವನ್ನು ಹಾಗೆಯೇ ಉಳಿಸಿದ್ದೇನೆ: ಅಲ್ಲಿ ಅದು ಗುರಿಯ ಹೆಸರು. ಈಗಿರುವ ನಡೆಯ ಹೆಸರಾಗಿ ಅದನ್ನು ಬಳಸುವುದು ಮಾತ್ರ ಬೇಡವೆನ್ನುತ್ತೇನೆ. ಮಲಯಾಳದವರು ‘ಸಭೈಕ್ಯ’ ಎಂಬ ಒಂದೇ ಸಮಾಸದಲ್ಲಿ ಎರಡನ್ನೂ ಹೇಳುತ್ತಾರೆ. ಷಟ್‌ಸ್ಥಲದ ಹಿನ್ನೆಲೆ ಆ ಭಾಷೆಯ ‘ಐಕ್ಯ’ಕ್ಕೆ ಇಲ್ಲದಿರುವುದರಿಂದ ಅವರಿಗೆ ಅದು ತೊಡಕಾಗಲಾರದು. ನಮಗೆ ತೊಡಕಾಗುತ್ತದೆ.

ಸಂಜೆಯ ಕಾರ್ಯಕ್ರಮಕ್ಕೆ ‘ಸಂಯುಕ್ತ ಪ್ರಾರ್ಥನೆ’ ಎಂದು ಬರೆದಿದ್ದೇನೆ. ‘ಆರಾಧನೆ’ ಎಂದು ಬರೆದಿದ್ದರೆ ಕಥೋಲಿಕರು ಪರಮಪ್ರಸಾದದ ಆರಾಧನೆಯೆಂದು ತಿಳಿಯುತ್ತಿದ್ದರು, ‘ಪೂಜೆ’ ಎಂದರೆ ಉಳಿದ ಮೂವರು ಹಿಂದೆ ಸರಿಯುತ್ತಿದ್ದರು. ‘ಪ್ರಾರ್ಥನೆ’ ನಾಲ್ವರಿಗೂ ಸಲ್ಲುವ ಪದ. ವೈಟ್‌ಫೀಲ್ಡಿನ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರಿನಂತಹ ಅಂಕಿತನಾಮಗಳನ್ನು ಅನುವಾದಿಸದೆ ಬಿಟ್ಟಿದ್ದೇನೆ. 1963ರಲ್ಲಿ ಆರಂಭವಾದ ಆ ಕೇಂದ್ರದಿಂದ ಇ.ಸಿ.ಸಿ. ರಸ್ತೆ ಎಂಬ ಹೆಸರು ಬಿದ್ದು, ಆ ಮೊದಲ ‘ಇ’ ಏನೆಂದು ಕೇಳದೆಯೇ ದಿನವೂ ಜನ ಅಲ್ಲಿ ಓಡಾಡುತ್ತಿದ್ದಾರೆ.

ನನ್ನ ಪ್ರಶ್ನೆಗಳು ಇಷ್ಟು. ‘ಎಕ್ಯುಮೆನಿಕಲ್ ಚಳವಳಿ’ ಎಂಬಲ್ಲಿ ‘ಸಭೆಗಳ ಅನ್ಯೋನ್ಯತೆಯ ಚಳವಳಿ’ ಎಂದು ಬಿಡಿಸಿ ಬರೆಯುವುದು ಒಳ್ಳೆಯದೋ, ‘ಸಭಾನ್ಯೋನ್ಯತೆ’ ಎಂದು ಸಂಧಿ ಮಾಡಬಹುದೋ? ವಿಶೇಷಣವಾಗಿ ಬಂದಾಗ ಎಲ್ಲ ಕಡೆ ‘ಸಂಯುಕ್ತ’ ಸಾಕಾದೀತೇ, ಅಥವಾ ‘ಅಂತರಸಭಾ’ ಎಂಬುದೂ ಬೇಕಾಗುವುದೇ? ಧಾರವಾಡ, ಮಂಗಳೂರು ಕಡೆಯ ಬಾಸೆಲ್ ಮಿಷನ್ ಪರಂಪರೆಯ ಮನೆಗಳಲ್ಲಿ ಬೆಳೆದವರು, ನಿಮ್ಮ ಹಿರಿಯರು ಬೇರೆ ಸಭೆಯವರೊಡನೆ ಕೂಡಿ ಮಾಡುತ್ತಿದ್ದ ಪ್ರಾರ್ಥನೆಯನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ದಯವಿಟ್ಟು ಬರೆಯಿರಿ. ಆಡುಮಾತಿನ ಪದ ಒಂದಿದ್ದರೆ ನಾನು ಮೇಲೆ ಸೂಚಿಸಿದ್ದೆಲ್ಲವನ್ನೂ ಬಿಟ್ಟು ಅದನ್ನೇ ತೆಗೆದುಕೊಳ್ಳಲು ಸಿದ್ಧ. ಆಮಂತ್ರಣ ಪತ್ರಿಕೆ ಜನವರಿಯ ಮೊದಲ ವಾರ ಅಚ್ಚಿಗೆ ಹೋಗುತ್ತದೆ.